ಹೋಮಾಲಜಿ, ಹೋಮೊಟೊಪಿ ಮತ್ತು ಕನ್ನಡದ ‘ಸಮ’

2010ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನವು ಭಾರತದಲ್ಲಿ ಮೊದಲ ಬಾರಿಗೆ, ಹೈದರಾಬಾದಿನಲ್ಲಿ ಸೇರಿತು. ಅಲ್ಲಿ ವುಲ್ಫ್‌ಗಾಂಗ್ ಲ್ಯೂಕ್ ಅವರು ಗ್ರೂಪ್ ರಿಂಗ್‌ಗಳನ್ನು ಕುರಿತು ಉಪನ್ಯಾಸ ನೀಡಿದರು. ಗ್ರೂಪ್ ರಿಂಗ್‌ನ ಬೀಜಗಣಿತೀಯ ಲಕ್ಷಣಗಳನ್ನು ಹೋಮಾಲಜಿಯ ಮೂಲಕ ಪಡೆಯಬಹುದೇ ಎಂಬುದು ಆ ಕ್ಷೇತ್ರದ ಪ್ರಧಾನ ಪ್ರಶ್ನೆಗಳಲ್ಲೊಂದು. ಇಂಥ ವಿಚಾರವನ್ನು ಕನ್ನಡದಲ್ಲಿ ನಿರೂಪಿಸಹೊರಟರೆ ಎದುರಾಗುವ ಒಂದು ತೊಡಕನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಗ್ರೀಕಿನ ‘ಹೋಮೊ’ ಕಂಡಲ್ಲೆಲ್ಲ ‘ಸಮ’ ಎಂದು ಅನುವಾದಿಸುವುದು ಸುಲಭದ ದಾರಿ. ರೇಖಾಗಣಿತದಲ್ಲಿ ‘ಸರ್ವಸಮ’, ‘ಸಮರೂಪ’ ಎಂಬ ಪದಗಳು ಎರಡು ಕಲ್ಪನೆಗಳನ್ನು ಖಚಿತವಾಗಿ ಬೇರ್ಪಡಿಸಿವೆ. ಆದರೆ ಹೋಮಾಲಜಿ, ಹೋಮೊಟೊಪಿಗಳೆರಡಕ್ಕೂ ‘ಸಮ’ದ ಮುದ್ರೆಯೊತ್ತಿದರೆ ಅವುಗಳ ಭೇದವೇ ಅಳಿಸಿಹೋಗುತ್ತದೆ.

ಆಕೃತಿಯೊಂದರ ಮೇಲೆ ಎಳೆದ ಕುಣಿಕೆಯನ್ನು ಕಡಿಯದೆ ಕುಗ್ಗಿಸಿ ಬಿಂದುವಾಗಿಸಬಹುದೇ ಎಂದು ಹೋಮೊಟೊಪಿ ಕೇಳುತ್ತದೆ. ಆ ಕುಣಿಕೆ ಯಾವುದಾದರೊಂದು ಮೇಲ್ಮೈಯ ಅಂಚಾಗಬಲ್ಲುದೇ ಎಂದು ಹೋಮಾಲಜಿ ಕೇಳುತ್ತದೆ. ಕುಗ್ಗುವ ಕುಣಿಕೆ ಅಂಚೂ ಆಗುತ್ತದೆ, ಅಂಚಾದುದೆಲ್ಲ ಕುಗ್ಗಬೇಕಾಗಿಲ್ಲ. ಹೋಮಾಲಜಿಯ ಲೆಕ್ಕದಲ್ಲಿ ಗೋಳದಂತೆಯೇ ಇದ್ದೂ ಕುಗ್ಗದ ಕುಣಿಕೆಗಳುಳ್ಳ ಆಕೃತಿಯನ್ನು ಪ್ವಾಂಕರೆ 1904ರಲ್ಲೇ ತೋರಿಸಿದ್ದರು.

ಗ್ರೂಪ್‌ಗಳ ವಿಷಯದಲ್ಲಿ ಈ ಭೇದ ಇನ್ನೂ ಗಹನವಾದುದು. ಪರಿಮಿತ ಸಂಖ್ಯೆಯ ಜನಕಗಳಿಂದಲೂ ಸಂಬಂಧಗಳಿಂದಲೂ ಗ್ರೂಪೊಂದನ್ನು ಪೂರ್ಣವಾಗಿ ನಿರೂಪಿಸಬಹುದೇ ಎಂಬುದು ಹೋಮೊಟೊಪಿಯ ಪ್ರಶ್ನೆ. ಇದಕ್ಕೆ ಸಂವಾದಿಯಾದ ಹೋಮಾಲಜಿಯ ಪರಿಮಿತತೆಯೂ ಉಂಟು. ಇವೆರಡೂ ಒಂದೇ ಅಲ್ಲವೆಂದು ಮ್ಲಾಡೆನ್ ಬೆಸ್ಟ್ವಿನಾ ಮತ್ತು ನೋಯೆಲ್ ಬ್ರೇಡಿ 1997ರಲ್ಲಿ ಸಾಧಿಸಿದರು. ಹೋಮಾಲಜಿಗೆ ಶೂನ್ಯವೆನಿಸಿಯೂ ಕುಗ್ಗದ ಕುಣಿಕೆಗಳುಳ್ಳ ಆಕೃತಿಯಿಂದ ಅವರು ಕಟ್ಟಿದ ಗ್ರೂಪ್ ಹೋಮಾಲಜಿಯ ಎಲ್ಲ ಪರಿಮಿತತೆಗಳನ್ನೂ ಪಡೆದಿದೆ. ಆದರೂ ಪರಿಮಿತ ಸಂಬಂಧಗಳಿಂದ ಅದನ್ನು ನಿರೂಪಿಸಲಾಗದು. ಎರಡಕ್ಕೂ ಒಂದೇ ಬಗೆಯ ಹೆಸರಿಟ್ಟ ಭಾಷೆಯಲ್ಲಿ ಈ ಪ್ರಮೇಯವನ್ನು ಓದುವ ವಿದ್ಯಾರ್ಥಿಗೆ ಅದರಲ್ಲಿ ವಿರೋಧಾಭಾಸ ಮಾತ್ರ ಕಂಡೀತು.

ಪರಿಭಾಷೆಯ ಪ್ರಶ್ನೆ ಹೈದರಾಬಾದಿಗೆ ಹೊಸದಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಉರ್ದು ಬೋಧನೆಗಾಗಿ 1917ರಲ್ಲಿ ಸ್ಥಾಪಿತವಾದ ಭಾಷಾಂತರ ಸಂಸ್ಥೆ ಗಣಿತವನ್ನೂ ಉರ್ದುವಿಗೆ ತಂದಿತು. ಅಲ್ಲಿ ರೂಪುಗೊಂಡ ಪದಗಳಿಗೆ ತರಗತಿಯೇ ಆಧಾರವಾಗಿತ್ತು. ಬೋಧನಾ ಮಾಧ್ಯಮ ಬದಲಾದ ಮೇಲೆ ಆ ಆಧಾರ ತಪ್ಪಿತು. ಇದರಿಂದ ಕನ್ನಡ ಕಲಿಯಬೇಕಾದ ಪಾಠ ಸ್ಪಷ್ಟ. ಬೋಧನೆಯಲ್ಲಿ ಪಳಗುವವರೆಗೆ ‘ಹೋಮಾಲಜಿ’, ‘ಹೋಮೊಟೊಪಿ’ ಎಂಬ ರೂಪಗಳನ್ನೇ ಉಳಿಸಿಕೊಂಡು, ‘ಅಂಚು’ ಮತ್ತು ‘ಕುಗ್ಗುವಿಕೆ’ಗಳ ಮೂಲಕ ಅವುಗಳ ಅರ್ಥವನ್ನು ವಿವರಿಸುವುದೇ ಯುಕ್ತವೆಂದು ನಮ್ಮ ಅಭಿಮತ.