ಹೊಳೆ ಹುಟ್ಟುವ ಪೇಟೆ

ಸುಸ್ಥಿರ ನಗರಾಭಿವೃದ್ಧಿಯ ಮಾತು ಈಗ ಸರಕಾರಿ ಕಡತದಿಂದ ಶಾಲಾ ಮಕ್ಕಳ ಪ್ರಬಂಧದವರೆಗೂ ಬಂದಿದೆ. 1987ರ ಬ್ರಂಟ್‌ಲ್ಯಾಂಡ್ ವರದಿಯಿಂದ ಜನಪ್ರಿಯವಾದ ಸುಸ್ಥಿರತೆಯ ವಿಚಾರ 2015ರಲ್ಲಿ ವಿಶ್ವಸಂಸ್ಥೆಯ ಗುರಿಗಳ ಪಟ್ಟಿ ಸೇರಿತು. ಅದೇ ವರ್ಷ ನಮ್ಮಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಶುರುವಾಯಿತು. ಈ ಚರ್ಚೆಯಲ್ಲಿ ನಗರವೆಂದರೆ ಬೆಂಗಳೂರು, ಹೆಚ್ಚೆಂದರೆ ಹುಬ್ಬಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ನೆನಪಾಗುವುದು ಕಾಡಿನ ಲೆಕ್ಕದಲ್ಲಿ ಮಾತ್ರ.

ಈ ಸೀಮೆಗೆ ಪರಿಸರದ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಇಲ್ಲಿನ ಜನ ಲೆಕ್ಕಾಚಾರ ಮುಂದಿಟ್ಟುಕೊಂಡೇ ವಿರೋಧಿಸಿದರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಸಮೀಪ ಮರಗಳನ್ನು ಅಪ್ಪಿಕೊಂಡು ಉಳಿಸಿದರು. ಇದು ನಾಡು ಹೆಮ್ಮೆಪಡಬೇಕಾದ ಇತಿಹಾಸ. ಆದರೆ ಅದರ ಕುರಿತ ನಮ್ಮ ಬರವಣಿಗೆಯಲ್ಲೊಂದು ಕೊರತೆಯಿದೆ. ಅಲ್ಲಿ ಕಾಡಿದೆ, ತೋಟವಿದೆ, ಬೆಟ್ಟವಿದೆ, ಪೇಟೆ ಕಾಣುವುದಿಲ್ಲ. ಬಾಡಿಗೆ ಮನೆಯ ಗಾರೆ ಕೆಲಸದವನು, ಮೀನು ಮಾರುವ ಹೆಂಗಸು, ಗ್ಯಾರೇಜಿನ ಹುಡುಗ ಕಾಣುವುದಿಲ್ಲ. ಮರ ಕಡಿದರೆ ಅದು ಪರಿಸರದ ಪ್ರಶ್ನೆ. ಗಟಾರ ತುಂಬಿದರೆ ಬರೀ ವಾರ್ಡಿನ ದೂರು!

ಈ ವಿಂಗಡಣೆ ಎಷ್ಟು ಸುಳ್ಳೆಂಬುದಕ್ಕೆ ಅಘನಾಶಿನಿಯೇ ಸಾಕ್ಷಿ. ಈ ಹೊಳೆಯ ಮೂಲಗಳಲ್ಲೊಂದು ಶಿರಸಿ ಪೇಟೆಯ ಶಂಕರಹೊಂಡ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕುಮಟಾ ತಾಲೂಕಿನಲ್ಲಿ ಅದು ಕಡಲು ಸೇರುತ್ತದೆ. ಅಳಿವೆಯಲ್ಲಿ ಮೀನು ಹಿಡಿದು, ಚಿಪ್ಪಿಕಲ್ಲು ಹೆಕ್ಕಿ ಬದುಕುವವರಿದ್ದಾರೆ. ಹೊಳೆಯ ತಲೆಯ ಮೇಲೆ ಕುಳಿತ ಪೇಟೆ ತನ್ನ ಕೊಳೆಯನ್ನು ತನ್ನ ಖಾಸಗಿ ವಿಷಯವೆಂದು ತಿಳಿಯುವಂತಿಲ್ಲ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಮದ್ರಸದಲ್ಲಿ ಕಲಿತ ನಾವು, ಬಳಸಿದ ನೀರು ಎಲ್ಲಿಗೆ ಹೋಗುತ್ತದೆಂದೂ ಕೇಳಬೇಕಲ್ಲವೇ?

ಹಾದಿಯೇನು? ಕರಾಚಿಯ ಓರಂಗಿಯಲ್ಲಿ 1980ರಿಂದ ಅಖ್ತರ್ ಹಮೀದ್ ಖಾನ್ ಮಾಡಿದ ಕೆಲಸ ಗಮನಾರ್ಹ. ಒಂದೊಂದು ಓಣಿಯ ಬಡ ಕುಟುಂಬಗಳು ಒಟ್ಟಾಗಿ, ತಮ್ಮದೇ ಹಣ ಹಾಕಿ ಒಳಚರಂಡಿ ಕಟ್ಟಿಕೊಂಡವು. ಗುತ್ತಿಗೆದಾರನಿಲ್ಲದ್ದರಿಂದ ಖರ್ಚು ಬಹಳ ಇಳಿಯಿತು. ದೊಡ್ಡ ಕೊಳವೆ ಮತ್ತು ಶುದ್ಧೀಕರಣ ಸರಕಾರದ ಪಾಲೆಂದು ಅವರು ಹಂಚಿಕೊಟ್ಟಿದ್ದರು. ಆದರೆ ಸರಕಾರದ ಪಾಲು ಹಿಂದೆ ಬಿದ್ದಲ್ಲಿ ಓಣಿಯ ಕೊಳೆ ನಾಲೆಗೇ ಸೇರಿತು. ಆದ್ದರಿಂದ ಜನರ ಶ್ರಮದಾನವನ್ನು ಹೊಗಳಿ ಸರಕಾರ ಕೈತೊಳೆದುಕೊಳ್ಳಲು ಓರಂಗಿಯನ್ನು ಉದಾಹರಿಸುವುದು ಅನ್ಯಾಯ.

ಅಡಿಕೆಗೆ ನ್ಯಾಯದ ಬೆಲೆ ಬೇಕೆಂದು ಸಹಕಾರಿ ಸಂಘ ಕಟ್ಟಿದ ಸೀಮೆಯಿದು. ಆ ಸಂಘಟನೆಯ ಬುದ್ಧಿ ತೋಟದಿಂದ ಓಣಿಗೆ ಇಳಿಯಬೇಕು. ಮಸೀದಿ ಕಮಿಟಿ, ಯುವಕ ಮಂಡಳ, ಮಹಿಳಾ ಸಂಘಗಳು ಜಾತಿ-ಮತ ಬದಿಗಿಟ್ಟು ಒಂದೇ ಗಟಾರದ ನಕ್ಷೆಯ ಮುಂದೆ ಕೂರಬೇಕು. ಓಣಿಯ ಕೆಲಸ ತಾವು ಮಾಡಿ, ಶುದ್ಧೀಕರಣ ಎಲ್ಲಿ ಎಂದು ಆಡಳಿತವನ್ನು ಕೇಳಬೇಕು. ಕಾಡು ಉಳಿಸಿದವರಿಗೆ ಇದು ಅಸಾಧ್ಯದ ಕೆಲಸವೇನಲ್ಲ.