ತರಗೆಲೆ ಮತ್ತು ಸತ್ತ ಎಲೆ

ಪರಭಾಷೆಯ ಪದಗಳನ್ನು ಹಾಡಿನ ಮೂಲಕ ಕಲಿಸಬೇಕೆಂಬ ಮಾತು ಶಿಕ್ಷಕರಿಗೆ ಹೊಸದಲ್ಲ. ರಾಗವು ನೆನಪಿಗೆ ಊರುಗೋಲು ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆದರೆ ಒಳ್ಳೆಯ ಗೀತೆಯಲ್ಲಿ ಪದವನ್ನು ಮನಸ್ಸಿನಲ್ಲಿ ನೆಲೆಗೊಳಿಸುವುದು ರಾಗಕ್ಕಿಂತ ಹೆಚ್ಚಾಗಿ ಪ್ರತಿಮೆ. ಫ್ರೆಂಚ್ ಕವಿ ಜಾಕ್ ಪ್ರೆವೆರ್ ರಚಿಸಿ, ಜೋಸೆಫ್ ಕೊಸ್ಮಾ ಸ್ವರ ಸಂಯೋಜಿಸಿದ ‘ಲೆ ಫೊಯ್ ಮೊರ್ತ್’ ಇದಕ್ಕೆ ತಕ್ಕ ನಿದರ್ಶನ. ಮಾರ್ಸೆಲ್ ಕಾರ್ನೆಯ 1946ರ ಚಲನಚಿತ್ರದೊಂದಿಗೆ ಬೆಳಕಿಗೆ ಬಂದ ಈ ಗೀತೆಯ ವಸ್ತು, ಅಗಲಿದ ಪ್ರೇಮದ ನೆನಪು.

ಶೀರ್ಷಿಕೆಯನ್ನೇ ಪರಿಶೀಲಿಸೋಣ. ‘ಫೊಯ್’ ಎಂದರೆ ಎಲೆ, ‘ಮೊರ್ತ್’ ಎಂದರೆ ಸತ್ತ. ಉದುರಿದ ಒಣ ಎಲೆಗೆ ಫ್ರೆಂಚರ ದಿನಬಳಕೆಯ ಹೆಸರೇ ಇದು. ನಮ್ಮ ‘ತರಗೆಲೆ’ ಅದಕ್ಕೆ ಸರಿಯಾದ ಪದವಾದರೂ ಅದರಲ್ಲಿ ಸಾವಿನ ಸುಳಿವಿಲ್ಲ. ‘ಸತ್ತ ಎಲೆ’ ಎಂದರೆ ಸಾವು ಉಳಿಯುತ್ತದೆ, ಸಹಜತೆ ಅಳಿಯುತ್ತದೆ. ಬಳಕೆಯ ಮಾತಿನಲ್ಲಿ ಮಲಗಿದ್ದ ಸಾವನ್ನು ಕವಿ ಎಚ್ಚರಿಸಿದ್ದಾನೆ. ಜಾನಿ ಮರ್ಸರ್ ಇದನ್ನು ಇಂಗ್ಲಿಷಿಗೆ ತಂದಾಗ ‘ಶರತ್ಕಾಲದ ಎಲೆಗಳು’ ಎಂದಾಯಿತು. ಋತು ಬಂದಿತು, ಸಾವು ಮರೆಯಾಯಿತು.

ಪ್ರತಿಮೆ ವ್ಯಾಕರಣವನ್ನೂ ಕಲಿಸುತ್ತದೆ. ಫ್ರೆಂಚಿನಲ್ಲಿ ಎಲೆ ಸ್ತ್ರೀಲಿಂಗ. ಆದ್ದರಿಂದಲೇ ‘ಮೊರ್ತ್’ ಎಂಬಲ್ಲಿ ಕೊನೆಯ ತಕಾರ ಕೇಳಿಸುತ್ತದೆ. ಪುಲ್ಲಿಂಗವಾದ ಕಟ್ಟಿಗೆ ಒಣಗಿದರೆ ಅದು ‘ಬ್ವಾ ಮೋರ್’. ಅಲ್ಲಿ ತಕಾರ ಮೌನ. ಗೀತೆಯಲ್ಲಿ ಬರುವ ‘ಆ ಲಾ ಪೆಲ್’ ಎಂಬ ನುಡಿಗಟ್ಟಿಗೆ ‘ಸಲಿಕೆಯಿಂದ’ ಎಂಬುದು ವಾಚ್ಯಾರ್ಥ, ‘ಹೇರಳವಾಗಿ’ ಎಂಬುದು ರೂಢಿಯ ಅರ್ಥ. ಒಟ್ಟುಗೂಡಿಸುವ ಎಲೆಗಳೊಡನೆ ನೆನಪುಗಳನ್ನೂ ಕವಿ ಇದೇ ಸಲಿಕೆಗೆ ಒಪ್ಪಿಸಿದ್ದರಿಂದ ಎರಡು ಅರ್ಥಗಳೂ ಏಕಕಾಲಕ್ಕೆ ನಿಲ್ಲುತ್ತವೆ. ಕಣದ ‘ರಾಶಿ’ಯಿಂದ ‘ರಾಶಿ ಜನ’ದವರೆಗೆ ಸಾಗಿದ ನಮ್ಮ ಮಾತಿನ ದಾರಿಯೂ ಇಂಥದೇ.

ಈ ಮಾರ್ಗಕ್ಕೆ ಮಿತಿಗಳೂ ಇವೆ. ಮಾತಿನಲ್ಲಿ ಮೌನವಾಗಿರುವ ಪದಾಂತ್ಯದ ಸ್ವರವನ್ನು ಫ್ರೆಂಚ್ ಗಾಯನವು ಹಲವೆಡೆ ಉಚ್ಚರಿಸುತ್ತದೆ. ಹಾಡಿದಂತೆಯೇ ಮಾತನಾಡಹೊರಟರೆ ಕೃತಕವಾದೀತು. ವಿರಹಗೀತೆಯಿಂದ ಸಂತೆಯ ವ್ಯವಹಾರವನ್ನು ಕಲಿಯಲಾಗದೆಂಬುದೂ ಸ್ಪಷ್ಟ. ಗೀತೆ ಪಠ್ಯಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಹಲವು ಭಾಷೆಗಳ ನಡುವೆ ಬಾಳುವ ಗಡಿನಾಡಿನ ನಮಗೆ ಇದರಲ್ಲಿ ವಿಚಾರಿಸಬೇಕಾದ ಸಂಗತಿಯಿದೆ. ಫ್ರೆಂಚ್ ಪದದ ತೂಕವನ್ನು ನಾವು ಅರಿತದ್ದು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ‘ತರಗೆಲೆ’ ಇದ್ದುದರಿಂದ. ಆ ಪದವನ್ನೇ ಕೇಳದೆ ಬೆಳೆದ ಮಗುವಿಗೆ ಪರಭಾಷೆಯ ಪ್ರತಿಮೆಯೂ ಬರಿಯ ಅರ್ಥವಾಗಿ ಉಳಿದೀತು. ಪದಗಳ ಮುಂದೆ ಅರ್ಥ ಬರೆಯಿಸುವುದಕ್ಕೆ ಮೊದಲು ನಮ್ಮ ಶಾಲೆಗಳಲ್ಲಿ ಕನ್ನಡದ ಹಾಡು ಕೇಳಿಸಲಿ.