ಅಲೌಕಿಕ ಕಥೆಯಲ್ಲಿ ಪತ್ತೇದಾರಿಯ ನ್ಯಾಯ

ಪತ್ತೇದಾರಿ ಕಾದಂಬರಿಯಲ್ಲಿ ಅಲೌಕಿಕಕ್ಕೆ ಎಡೆಯಿಲ್ಲವೆಂಬುದು ಬಹುಕಾಲದಿಂದ ನಡೆದುಬಂದ ಮತ. ತಾನೇ ಅಂತಹ ಕಥೆಗಳನ್ನು ರಚಿಸಿದ್ದ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸನು 1929ರಲ್ಲಿ ಈ ಪ್ರಕಾರಕ್ಕೆ ಹತ್ತು ವಿಧಿಗಳನ್ನು ಹಾಕಿಕೊಟ್ಟಾಗ, ಎರಡನೆಯದರಲ್ಲಿಯೇ ಅತಿಮಾನುಷ ಶಕ್ತಿಗಳನ್ನು ಹೊರಗಿಟ್ಟನು. ಬೀಗ ಹಾಕಿದ ಕೋಣೆಯೊಳಕ್ಕೆ ಪ್ರೇತವು ಪ್ರವೇಶಿಸಬಹುದಾದರೆ, ವಾಚಕನು ಬೀಗವನ್ನು ಪರೀಕ್ಷಿಸಿ ಫಲವೇನು? ಆಕ್ಷೇಪವು ಬಲವಾದುದೇ. ಆದರೆ ಅದು ಅಲೌಕಿಕಕ್ಕಿಂತ ಹೆಚ್ಚಾಗಿ ನಿಯಮವಿಲ್ಲದ ಅಲೌಕಿಕಕ್ಕೆ ಸಲ್ಲುತ್ತದೆಂದು ತೋರಿಸುವ ಕೃತಿಯೊಂದುಂಟು. ಅದು ಅಮೆರಿಕದ ರೋಜರ್ ಝೆಲಾಝ್ನಿ (1937–1995) ಬರೆದು, 1993ರಲ್ಲಿ ಪ್ರಕಟವಾದ ‘ಎ ನೈಟ್ ಇನ್ ದಿ ಲೋನ್‌ಸಮ್ ಅಕ್ಟೋಬರ್’.

ಕ್ರೈಸ್ತರ ಸರ್ವಸಂತರ ದಿನದ ಹಿಂದಿನ ರಾತ್ರಿಯಾದ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಎಂದು ಹೆಸರು. ಆ ರಾತ್ರಿ ಹುಣ್ಣಿಮೆಯೂ ಕೂಡಿಬಂದಾಗ ಪುರಾತನ ದೇವತೆಗಳು ಲೋಕಕ್ಕೆ ಮರಳುವ ದ್ವಾರವನ್ನು ಕೆಲವರು ತೆರೆಯಲೂ ಕೆಲವರು ಮುಚ್ಚಲೂ ಸೇರುತ್ತಾರೆ. ಯಾರು ಯಾವ ಪಕ್ಷವೆಂಬುದು ಗುಟ್ಟು. ಕಥೆಯನ್ನು ತಿಂಗಳ ಒಂದೊಂದು ದಿನಕ್ಕೂ ಒಂದೊಂದು ಭಾಗವಾಗಿ ಹೇಳುವವನು ಸ್ನಫ್ ಎಂಬ ನಾಯಿ. ಅದರ ಯಜಮಾನನು ಜ್ಯಾಕ್.

ಕೃತಿಯ ಜೀವವಿರುವುದು ನಾಯಿಯ ಲೆಕ್ಕಾಚಾರದಲ್ಲಿ. ದ್ವಾರವು ತೆರೆಯುವ ಸ್ಥಳವನ್ನು ಆಟಗಾರರ ನಿವಾಸಗಳ ನಡುವೆ ಗೆರೆಗಳನ್ನೆಳೆದು ಕಂಡುಹಿಡಿಯಬೇಕು. ಒಬ್ಬನನ್ನು ತಪ್ಪಾಗಿ ಸೇರಿಸಿದರೂ ಬಿಟ್ಟರೂ ಕೇಂದ್ರವು ಸರಿಯುತ್ತದೆ. ಒಬ್ಬೊಬ್ಬ ಆಟಗಾರನಿಗೂ ಒಂದು ಸಹಚರ ಪ್ರಾಣಿಯಿರುವುದರಿಂದ, ಪ್ರಾಣಿಯಿದ್ದವನೇ ಆಟಗಾರನೆಂದು ಎಲ್ಲರೂ ಭಾವಿಸುತ್ತಾರೆ. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಈ ಲಕ್ಷಣದಲ್ಲಿ ಎರಡು ದೋಷಗಳಿವೆ. ಮಿಂಚಿನ ಬಲದಿಂದ ಮನುಷ್ಯನನ್ನು ನಿರ್ಮಿಸಹೊರಟ ವೈದ್ಯನ ಮನೆಯಲ್ಲಿ ಬ್ಯೂಬೋ ಎಂಬ ಇಲಿಯಿದೆ. ಆದರೆ ವೈದ್ಯನು ಬಿರುಗಾಳಿ ಮಳೆಗಳಿಗಾಗಿ ಅಲ್ಲಿಗೆ ಬಂದವನೇ ಹೊರತು ಆಟಗಾರನಲ್ಲ. ಇದು ಅತಿವ್ಯಾಪ್ತಿ. ಲ್ಯಾರಿ ಟಾಲ್ಬಟ್‌ನಿಗೆ ಪ್ರಾಣಿಯಿಲ್ಲ. ತಾನೇ ತೋಳವಾಗುವವನಾದುದರಿಂದ ಅವನಿಗೆ ಬೇಕಾಗಿಯೂ ಇಲ್ಲ. ಅವನು ಆಟಗಾರನೇ. ಇದು ಅವ್ಯಾಪ್ತಿ. ಈ ಎರಡನ್ನೂ ತಿದ್ದಿಕೊಳ್ಳದೆ ಸ್ಥಳನಿರ್ಣಯವಾಗದು. ಇಲ್ಲಿ ಮಂತ್ರವು ತರ್ಕವನ್ನು ಕೆಡಿಸಿಲ್ಲ, ತರ್ಕಕ್ಕೆ ವಿಷಯವನ್ನೊದಗಿಸಿದೆ. ವೇಷ ಮರೆಸಿಕೊಂಡು ತಿರುಗುವ ‘ಮಹಾ ಪತ್ತೇದಾರ’ನೊಬ್ಬನು ಕಥೆಯಲ್ಲಿದ್ದರೂ ನಿಜವಾದ ಪತ್ತೇದಾರಿಕೆ ನಡೆಯುವುದು ನಾಯಿಯಿಂದ! ಈ ವಿನೋದವು ಸೊಗಸಾಗಿದೆ.

ಕಡೆಯ ರಾತ್ರಿಯ ವರ್ಣನೆಯಲ್ಲಿ ಅವಸರವಿದೆ. ಡ್ರಾಕುಲಾ ಮೊದಲಾದ ಹಳೆಯ ಕಥೆಗಳ ಪರಿಚಯವಿಲ್ಲದವರಿಗೆ ಹಲವು ಹಾಸ್ಯಗಳು ತಿಳಿಯಲಾರವು. ಇವು ಸಣ್ಣ ಕುಂದುಗಳು. ದೊಡ್ಡದು ಬೇರೆಯಿದೆ. ಜ್ಯಾಕನ ಹೆಸರೂ ಅವನ ಚೂರಿಯೂ 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬಡ ಹೆಂಗಸರನ್ನು ಕೊಂದ, ಗುರುತು ಇಂದಿಗೂ ನಿಶ್ಚಯವಾಗದ ಹಂತಕನನ್ನು ನೆನಪಿಗೆ ತರುತ್ತವೆ. ಡ್ರಾಕುಲಾ ಕಲ್ಪಿತನು, ಆ ಹೆಂಗಸರು ಕಲ್ಪಿತರಲ್ಲ. ನಾಯಿಯ ಸ್ವಾಮಿಭಕ್ತಿಯ ಮೂಲಕ ನೋಡುವಾಗ ಜ್ಯಾಕನು ನಮಗೂ ಪ್ರಿಯನಾಗಿಬಿಡುತ್ತಾನೆ. ನೆರೆಯವರೆಲ್ಲರ ಗುಟ್ಟನ್ನು ಅಷ್ಟು ನಿಷ್ಠೆಯಿಂದ ಶೋಧಿಸುವ ಸ್ನಫ್ ತನ್ನ ಯಜಮಾನನ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಎತ್ತುವುದಿಲ್ಲ. ಗ್ರಂಥಕರ್ತನೂ ಅದರಿಂದ ಎತ್ತಿಸಲಿಲ್ಲ.